ಹೆಸರಿಲ್ಲದವರು ಬರೆದ ಬೀಜಿಂಗಿನ ಕಥೆ

ಈ ಬ್ಲಾಗಿನಲ್ಲಿ ಸಿನಿಮಾ ಬಗ್ಗೆ ಬರೆದು ಬಹಳ ದಿನ ಆಯ್ತು. ಈ ಸಲ ಒಂದು ಚೀನೀ ಸಿನಿಮಾ. ಹೆಸರು 'ಲಾನ್ ಯು'. ಬಂದದ್ದು 2001ರಲ್ಲಿ, ಇರೋದು ಬರೀ 86 ನಿಮಿಷ. ಇಬ್ಬರು ಗಂಡಸರ ನಡುವಿನ ಪ್ರೀತಿಯ ಕಥೆ. ವಿಮರ್ಶೆ ಬರೆಯೋಕೆ ಹೊರಟಿಲ್ಲ ನಾನು, ಅದಕ್ಕೆ ನನಗಿಂತ ತಿಳಿದವರು ಇದ್ದಾರೆ. ಈ ಸಿನಿಮಾ ಹುಟ್ಟಿದ ಇತಿಹಾಸ ಹೇಳಬೇಕು ಅನ್ನಿಸಿದೆ. ಯಾಕಂದ್ರೆ ಅದು ಶುರುವಾಗೋದು ನಾವೆಲ್ಲ ಕೂತು ಟೈಪ್ ಮಾಡೋ ಜಾಗದಲ್ಲೇ, ಅಂದ್ರೆ ಇಂಟರ್ನೆಟ್ಟಿನಲ್ಲೇ.

1998. ಚೀನಾ ಇಂಟರ್ನೆಟ್ಟಿಗೆ ಪೂರ್ತಿಯಾಗಿ ಸೇರಿಕೊಂಡು ಆಗಿನ್ನೂ ನಾಲ್ಕು ವರ್ಷ. ಆ ವರ್ಷದ ಕೊನೆಗೆ ಅಷ್ಟು ದೊಡ್ಡ ದೇಶದಲ್ಲಿ ಇಂಟರ್ನೆಟ್ ಬಳಸುತ್ತಿದ್ದವರು ಸುಮಾರು 21 ಲಕ್ಷ ಜನ ಮಾತ್ರ. ಆಗ ಯಾರೋ ಒಬ್ಬರು 'ಬೀಜಿಂಗ್ ಕಥೆ' ಅನ್ನೋ ಕಾದಂಬರಿಯನ್ನು ಕಂತುಕಂತಾಗಿ ವೆಬ್ಬಿಗೆ ಹಾಕೋಕೆ ಶುರು ಮಾಡಿದರು. ಪ್ರಕಾಶಕರಿಲ್ಲ, ಮುನ್ನುಡಿ ಇಲ್ಲ, ಮುಖಪುಟ ಇಲ್ಲ. ಲೇಖಕರ ಹೆಸರೂ ಇಲ್ಲ! ಆ ಬರಹಗಾರರನ್ನು ಈಗ 'ಬೇ ತೋಂಗ್' ಅಂತ ಕರೀತಾರೆ. ಅದು 'ಬೀಜಿಂಗ್ ಕಾಮ್ರೇಡ್' ಅನ್ನೋದರ ಚುಟುಕು ರೂಪ, ಅಷ್ಟೇ. ಅವರು ಗಂಡಸೋ ಹೆಂಗಸೋ ಅನ್ನೋದು ಇವತ್ತಿಗೂ ಹೊರಜಗತ್ತಿಗೆ ಗೊತ್ತಿಲ್ಲ. ಚೀನೀ ಮಾತಿನಲ್ಲಿ ಅವನು, ಅವಳು ಎರಡಕ್ಕೂ 'ತಾ' ಅನ್ನೋ ಒಂದೇ ಉಚ್ಚಾರಣೆ. ನಮಗೆ 'ಅವರು' ಇದೆಯಲ್ಲ, ಸದ್ಯ, ಅದೇ ಸಾಕು.

ಕಂಪ್ಯೂಟರಿನಲ್ಲಿ ಕನ್ನಡ ಬರೆದ ಹಳಬರಿಗೆ ಇಲ್ಲಿ ಒಂದು ವಿಷಯ ಹೇಳಬೇಕು. ನುಡಿ, ಬರಹ, ಶ್ರೀಲಿಪಿ ಅಂತ ಒಬ್ಬರ ಫೈಲು ಇನ್ನೊಬ್ಬರ ಕಂಪ್ಯೂಟರಿನಲ್ಲಿ ತೆರೆಯದ ಕಾಲ ಇತ್ತಲ್ಲ, ಚೀನೀ ಭಾಷೆಗೂ ಅದೇ ಪಾಡಿತ್ತು. ಚೀನಾದಲ್ಲಿ ಜಿಬಿ2312 ಅನ್ನೋ ಎನ್‌ಕೋಡಿಂಗು, ತೈವಾನ್ ಮತ್ತು ಹಾಂಗ್‌ಕಾಂಗಿನಲ್ಲಿ ಬಿಗ್5. ಒಂದರಲ್ಲಿ ಬರೆದದ್ದು ಇನ್ನೊಂದರಲ್ಲಿ ತೆರೆದರೆ ಬರೀ ಕಸ. ಅಂಥ ಕಾಲದಲ್ಲೂ ಈ ಕಥೆ ಗಡಿ ದಾಟಿತು, ಕೈಯಿಂದ ಕೈಗೆ ಹೋಯಿತು. ಹೋಗಿ ಹೋಗಿ ಹಾಂಗ್‌ಕಾಂಗಿನ ನಿರ್ದೇಶಕ ಸ್ಟ್ಯಾನ್ಲಿ ಕ್ವಾನ್ ಕೈಗೆ ಬಿತ್ತು.

ಈ ಕ್ವಾನ್ ಸಾಮಾನ್ಯದವನಲ್ಲ. 1987ರ 'ರೂಜ್' ಸಿನಿಮಾದಿಂದ ಹೆಸರು ಮಾಡಿದವನು. 1996ರಲ್ಲಿ ಚೀನೀ ಸಿನಿಮಾದಲ್ಲಿ ಗಂಡು-ಹೆಣ್ಣಿನ ಚಿತ್ರಣದ ಬಗ್ಗೆ ಒಂದು ಸಾಕ್ಷ್ಯಚಿತ್ರ ಮಾಡಿ, ತಾನೂ ಗಂಡಸರನ್ನು ಪ್ರೀತಿಸುವವನು ಅಂತ ಅದರಲ್ಲೇ ಬಹಿರಂಗವಾಗಿ ಹೇಳಿಕೊಂಡ.

ಇಲ್ಲಿ ನಮ್ಮ ದೇಶಕ್ಕೂ ಒಂದು ಎಳೆ ಇದೆ. ಹಾಂಗ್‌ಕಾಂಗ್ ಆಗ ಬ್ರಿಟಿಷರ ವಸಾಹತಾಗಿತ್ತು. 1860ರ ದಂಡ ಸಂಹಿತೆಯ 377ನೇ ಸೆಕ್ಷನ್ನಿನಲ್ಲಿ ನಮ್ಮ ತಲೆಗೆ ಕಟ್ಟಿದ್ದ ಅದೇ ಬಗೆಯ ಶಿಕ್ಷೆಯನ್ನು ಬ್ರಿಟಿಷರು ಅಲ್ಲೂ ಕಟ್ಟಿದ್ದರು. ಹಾಂಗ್‌ಕಾಂಗ್ ಅದನ್ನು ಕಿತ್ತುಹಾಕಿದ್ದು 1991ರಲ್ಲಿ. ನಮ್ಮ ಸುಪ್ರೀಂ ಕೋರ್ಟು ವಯಸ್ಕರ ಒಪ್ಪಿತ ಸಂಬಂಧವನ್ನು ಆ ಸೆಕ್ಷನ್ನಿನಿಂದ ಬಿಡಿಸಿದ್ದು 2018ರ ಸೆಪ್ಟೆಂಬರ್ 6ರಂದು. ತಮ್ಮ ದೇಶದಲ್ಲೇ ಬ್ರಿಟಿಷರು 1967ರಲ್ಲಿ ಸಡಿಲಿಸಿದ್ದ ಕಾನೂನನ್ನು ನಾವು ಅರ್ಧ ಶತಮಾನ ಜೋಪಾನ ಮಾಡಿ ಇಟ್ಟುಕೊಂಡಿದ್ದೆವು!

ಚೀನಾದ ಕಥೆ ಬೇರೆ. ಅಲ್ಲಿ ಇಂಥ ಸೆಕ್ಷನ್ ಇರಲಿಲ್ಲ. 1979ರ ಅಪರಾಧ ಕಾನೂನಿನಲ್ಲಿ 'ಲಿಯುಮಾಂಗ್', ಅಂದ್ರೆ ಪುಂಡಾಟಿಕೆ, ಅನ್ನೋ ಒಂದು ಅಪರಾಧ ಇತ್ತು. ಬೀದಿ ಜಗಳದಿಂದ ಹಿಡಿದು ಪೊಲೀಸರಿಗೆ ಸರಿ ಕಾಣದ್ದೆಲ್ಲ ಆ ಒಂದು ಚೀಲದೊಳಗೆ. ಪಾರ್ಕಿನಲ್ಲಿ ಸೇರುವ ಗಂಡಸರೂ ಅದರೊಳಗೇ ಬೀಳುತ್ತಿದ್ದರು. 1997ರಲ್ಲಿ ಕಾನೂನು ತಿದ್ದಿದಾಗ ಆ ಪದವೇ ಹೋಯಿತು. 2001ರ ಏಪ್ರಿಲ್‌ನಲ್ಲಿ ಚೀನಾದ ಮನೋವೈದ್ಯರ ಸಂಘ ತನ್ನ ಕಾಯಿಲೆಗಳ ಪಟ್ಟಿ ಪರಿಷ್ಕರಿಸಿ, ಸಲಿಂಗ ಪ್ರೇಮವನ್ನೇ ಒಂದು ರೋಗ ಅನ್ನೋದನ್ನು ಕೈಬಿಟ್ಟಿತು. ಸರಿಯಾಗಿ ಮುಂದಿನ ತಿಂಗಳು 'ಲಾನ್ ಯು' ಕಾನ್ ಚಿತ್ರೋತ್ಸವದ ತೆರೆಯ ಮೇಲಿತ್ತು.

ಹಾಗಂತ ದಾರಿ ಸಲೀಸಾಗಿತ್ತು ಅಂದುಕೋಬೇಡಿ. ಆಗ ಚೀನಾದಲ್ಲಿ ಸಿನಿಮಾ ತೆಗೆಯಬೇಕಾದರೆ ಸರ್ಕಾರ ಮೊದಲು ಸ್ಕ್ರಿಪ್ಟ್ ಒಪ್ಪಬೇಕಿತ್ತು, ಆಮೇಲೆ ಮುಗಿದ ಸಿನಿಮಾವನ್ನೂ ಒಪ್ಪಬೇಕಿತ್ತು. ಇದಕ್ಕೂ ಮೊದಲು, 1996ರಲ್ಲಿ, ಝಾಂಗ್ ಯುವಾನ್ ಅನ್ನೋ ನಿರ್ದೇಶಕ 'ಈಸ್ಟ್ ಪ್ಯಾಲೇಸ್, ವೆಸ್ಟ್ ಪ್ಯಾಲೇಸ್' ಅಂತ ಒಂದು ಸಿನಿಮಾ ಮಾಡಿದ್ದ. ಪಾರ್ಕಿನಲ್ಲಿ ಸಿಕ್ಕಿಬಿದ್ದ ಒಬ್ಬ ಗಂಡಸನ್ನು ಪೊಲೀಸನೊಬ್ಬ ರಾತ್ರಿಯಿಡೀ ವಿಚಾರಣೆ ಮಾಡುವ ಕಥೆ. ಹೆಸರು ಕೇಳಿ ಅರಮನೆ ಅಂದುಕೊಂಡಿರಾ? ಬೀಜಿಂಗಿನ ಹಳೇ ಅರಮನೆಯ ಎರಡು ಪಕ್ಕಗಳಲ್ಲಿದ್ದ ಸಾರ್ವಜನಿಕ ಶೌಚಾಲಯಗಳಿಗೆ ಆ ಜನ ತಮ್ಮತಮ್ಮಲ್ಲೇ ಇಟ್ಟುಕೊಂಡಿದ್ದ ಅಡ್ಡಹೆಸರು ಅದು. 1997ರಲ್ಲಿ ಅದು ಕಾನ್‌ಗೆ ಹೋಯಿತು, ನಿರ್ದೇಶಕ ಹೋಗಲಿಲ್ಲ. ಪಾಸ್‌ಪೋರ್ಟ್ ಕಿತ್ತುಕೊಂಡಿದ್ದರು.

ಇದೆಲ್ಲ ಗೊತ್ತಿದ್ದೂ ಕ್ವಾನ್ ಅನುಮತಿ ಇಲ್ಲದೇ ಬೀಜಿಂಗಿನಲ್ಲೇ ಚಿತ್ರೀಕರಣ ಮಾಡಿದ. ಸಿನಿಮಾದ ಹೆಚ್ಚಿನ ಭಾಗ ಮನೆಯ ಕೋಣೆಗಳಲ್ಲಿ, ಕಾರಿನಲ್ಲಿ ನಡೆಯುತ್ತೆ. ಕದ್ದು ತೆಗೆಯೋರಿಗೆ ಬೀದಿ ಸಿಗೋದು ಕಷ್ಟ. ಆದರೆ ನನಗನ್ನಿಸೋದು, ಆ ಇಬ್ಬರ ಪ್ರೀತಿಗೂ ಬೀದಿ ಸಿಕ್ಕಿರಲಿಲ್ಲವಲ್ಲ. ಅದಕ್ಕೇ ಆ ಇಕ್ಕಟ್ಟು ಸಿನಿಮಾಕ್ಕೆ ಕೊರತೆ ಅನ್ನಿಸೋದೇ ಇಲ್ಲ.

ಕಥೆ ಚುಟುಕಾಗಿ ಹೇಳಿಬಿಡ್ತೀನಿ. (ಸಿನಿಮಾ ನೋಡಿಯೇ ತಿಳಿಯಬೇಕು ಅನ್ನೋರು ಮುಂದಿನ ಎರಡು ಪ್ಯಾರಾ ಬಿಟ್ಟು ಓದಿ.) 1988ರ ಬೀಜಿಂಗ್. ಚೆನ್ ಹಾನ್‌ಡಾಂಗ್ ಹಿರಿಯ ಅಧಿಕಾರಿಯ ಮಗ, ವ್ಯಾಪಾರದಲ್ಲಿ ದುಡ್ಡು ಮಾಡಿದವನು. ಲಾನ್ ಯು ಆರ್ಕಿಟೆಕ್ಚರ್ ಓದೋಕೆ ಬಂದ ಬಡ ಹುಡುಗ. ದುಡ್ಡಿನ ತಾಪತ್ರಯಕ್ಕೆ ಒಂದು ರಾತ್ರಿ ತನ್ನನ್ನೇ ಮಾರಿಕೊಳ್ಳೋಕೆ ತಯಾರಾಗಿರ್ತಾನೆ. ಕೊಳ್ಳೋನು ಹಾನ್‌ಡಾಂಗ್. ಅವನ ಮಟ್ಟಿಗೆ ಅದು ಒಂದು ವ್ಯವಹಾರ, ಹುಡುಗನ ಮಟ್ಟಿಗೆ ಅಲ್ಲ. 1989ರ ಜೂನ್, ತಿಯಾನನ್‌ಮೆನ್ ಚೌಕದಲ್ಲಿ ಸೈನ್ಯ ವಿದ್ಯಾರ್ಥಿಗಳ ಮೇಲೆ ನುಗ್ಗಿದ ರಾತ್ರಿ, ಹಾನ್‌ಡಾಂಗ್ ಅವನನ್ನು ಹುಡುಕಿಕೊಂಡು ಹೊರಡ್ತಾನೆ. ಸಿನಿಮಾದಲ್ಲಿ ಒಂದೇ ಒಂದು ಟ್ಯಾಂಕ್ ಕಾಣೋದಿಲ್ಲ. ಬದುಕಿ ಬಂದ ಹುಡುಗ ಅಪ್ಪಿಕೊಂಡು ಅಳೋದಷ್ಟೇ ಕಾಣುತ್ತೆ. ಚೀನಾದಲ್ಲಿ ಮಾತಾಡಬಾರದ ಎರಡು ವಿಷಯಗಳು ಒಂದೇ ಅಪ್ಪುಗೆಯಲ್ಲಿ!

ಆಮೇಲೆ ಹಾನ್‌ಡಾಂಗ್ ಅವನಿಗೊಂದು ಮನೆ ಕೊಡಿಸ್ತಾನೆ. ಮತ್ತೆ 'ಎಲ್ಲರ ಹಾಗೆ' ಇರಬೇಕು ಅಂತ ಒಬ್ಬ ಹೆಂಗಸನ್ನು ಮದುವೆಯಾಗ್ತಾನೆ. ಮದುವೆ ಉಳಿಯೋದಿಲ್ಲ. ಅಕ್ರಮ ವ್ಯವಹಾರದ ಕೇಸಿನಲ್ಲಿ ಅವನು ಜೈಲಿಗೆ ಬಿದ್ದಾಗ ಲಾನ್ ಯು ಅದೇ ಮನೆ ಮಾರಿ ದುಡ್ಡು ಹೊಂದಿಸಿ ಬಿಡಿಸ್ತಾನೆ. ದುಡ್ಡಿನಿಂದ ಶುರುವಾದದ್ದರ ಲೆಕ್ಕ ಅಲ್ಲಿಗೆ ತಿರುಗುಮುರುಗು. ಇನ್ನೇನು ಇಬ್ಬರೂ ನೆಮ್ಮದಿಯಾಗಿರ್ತಾರೆ ಅನ್ನುವಾಗ ಕಟ್ಟಡ ಕೆಲಸದ ಜಾಗದಲ್ಲಿ ಅಪಘಾತವಾಗಿ ಲಾನ್ ಯು ಸಾಯ್ತಾನೆ. ಕೊನೆಯಲ್ಲಿ ಕಾರಿನ ಕಿಟಕಿಯಾಚೆ ಬರೀ ಕಟ್ಟುತ್ತಾ ಇರೋ ಬೀಜಿಂಗ್ ಓಡ್ತಾ ಇರುತ್ತೆ. ಆರ್ಕಿಟೆಕ್ಟ್ ಹುಡುಗ ಕಟ್ಟುತ್ತಿದ್ದ ಊರು, ಅವನ ಗುರುತೇ ಇಲ್ಲದ ಊರು.

ಹಾನ್‌ಡಾಂಗ್ ಆಗಿ ನಟಿಸಿದ್ದು ಹು ಜುನ್. 'ಈಸ್ಟ್ ಪ್ಯಾಲೇಸ್' ಸಿನಿಮಾದಲ್ಲಿ ಆ ವಿಚಾರಣೆ ಮಾಡೋ ಪೊಲೀಸ್ ಕೂಡ ಇವನೇ. ಲಾನ್ ಯು ಆಗಿದ್ದು ಲಿಯು ಯೆ, 1978ರಲ್ಲಿ ಹುಟ್ಟಿದವನು. 2001ರ ಗೋಲ್ಡನ್ ಹಾರ್ಸ್ ಪ್ರಶಸ್ತಿಗಳಲ್ಲಿ (ಇದು ತೈವಾನಿನದು, ಚೀನೀ ಭಾಷೆಯ ಸಿನಿಮಾಗಳಿಗೆ ಬಹಳ ದೊಡ್ಡದು) ಕ್ವಾನ್‌ಗೆ ಅತ್ಯುತ್ತಮ ನಿರ್ದೇಶಕ, ಲಿಯು ಯೆಗೆ ಅತ್ಯುತ್ತಮ ನಟ. ಚೀನಾದ ಥಿಯೇಟರುಗಳಿಗೆ ಮಾತ್ರ ಸಿನಿಮಾ ಬರಲಿಲ್ಲ. ಜನ ನೋಡಿದ್ದೆಲ್ಲ ಪೈರೇಟೆಡ್ ಡಿಸ್ಕುಗಳಲ್ಲಿ. ಕದ್ದು ತೆಗೆದ ಸಿನಿಮಾ, ಕದ್ದ ಪ್ರತಿಯಲ್ಲೇ ಮನೆಮನೆ ಸೇರಿತು.

ಈಗ ನಗು ಬರೋ ವಿಷಯ ಕೇಳಿ. 2011ರಲ್ಲಿ ಕಮ್ಯುನಿಸ್ಟ್ ಪಕ್ಷಕ್ಕೆ 90 ವರ್ಷ ತುಂಬಿದಾಗ ಪಕ್ಷ ಹುಟ್ಟಿದ ಕಥೆಯ ಒಂದು ಭಾರೀ ಸಿನಿಮಾ ಬಂತು. ಅದರಲ್ಲಿ ಯುವಕ ಮಾವೋ ಪಾತ್ರ ಮಾಡಿದ್ದು ಯಾರು? ಇದೇ ಲಿಯು ಯೆ! 'ತೋಂಗ್‌ಝಿ' ಅಂದ್ರೆ ಚೀನೀ ಭಾಷೆಯಲ್ಲಿ ಕಾಮ್ರೇಡ್, ಪಕ್ಷದವರು ಒಬ್ಬರನ್ನೊಬ್ಬರು ಕರೆಯೋ ಪದ. 1989ರಲ್ಲಿ ಹಾಂಗ್‌ಕಾಂಗಿನಲ್ಲಿ ನಡೆದ ಒಂದು ಚಿತ್ರೋತ್ಸವ ಆ ಪದವನ್ನು ಸಲಿಂಗಪ್ರೇಮಿಗಳಿಗೆ ಬಳಸಿತು, ಅದು ಹಾಗೇ ನಿಂತುಬಿಟ್ಟಿತು. ಬೇ ತೋಂಗ್ ಹೆಸರಿನಲ್ಲಿರೋ 'ಕಾಮ್ರೇಡ್' ಕೂಡ ಅದೇ. ಎರಡೂ ಬಗೆಯ ಕಾಮ್ರೇಡ್ ಆಗಿ ತೆರೆಯ ಮೇಲೆ ಬಂದವನು ಇವನೊಬ್ಬನೇ ಇರಬೇಕು.

'ಇದೆಲ್ಲ ಪಾಶ್ಚಾತ್ಯರಿಂದ ಬಂದ ಚಾಳಿ' ಅನ್ನೋ ಮಾತು ನಮ್ಮಲ್ಲಿ ಇರೋ ಹಾಗೆ ಚೀನಾದಲ್ಲೂ ಇದೆ. ಅದಕ್ಕೆ ಉತ್ತರ ಎರಡು ಸಾವಿರ ವರ್ಷದ ಹಿಂದೆಯೇ ಅವರದೇ ಪುಸ್ತಕದಲ್ಲಿದೆ. ಹಾನ್ ವಂಶದ ಚರಿತ್ರೆ ಬರೆದ ಬಾನ್ ಗು, ಕ್ರಿಸ್ತಪೂರ್ವ 7ರಿಂದ 1ರವರೆಗೆ ಆಳಿದ ಆಯ್ ಚಕ್ರವರ್ತಿಯ ಬಗ್ಗೆ ಒಂದು ಘಟನೆ ದಾಖಲಿಸಿದ್ದಾನೆ. ಚಕ್ರವರ್ತಿಯ ಪ್ರಿಯಕರ ದೋಂಗ್ ಶಿಯೆನ್ ಒಂದು ದಿನ ಅವನ ಅಂಗಿಯ ತೋಳಿನ ಮೇಲೆ ಮಲಗಿ ನಿದ್ದೆ ಹೋಗಿದ್ದ. ಚಕ್ರವರ್ತಿ ಏಳಬೇಕು, ಅವನನ್ನು ಎಬ್ಬಿಸೋ ಮನಸ್ಸಿಲ್ಲ. ಅಂಗಿಯ ತೋಳನ್ನೇ ಕತ್ತರಿಸಿ ಎದ್ದುಹೋದ. ಅವತ್ತಿನಿಂದ ಗಂಡಸರ ನಡುವಿನ ಪ್ರೀತಿಗೆ ಚೀನೀ ಭಾಷೆಯಲ್ಲಿ 'ಕತ್ತರಿಸಿದ ಅಂಗಿತೋಳು' ಅಂತಲೇ ಹೆಸರು. ಆ ಪ್ರೀತಿಯೂ ಸುಖವಾಗಿ ಮುಗಿಯಲಿಲ್ಲ. ಚಕ್ರವರ್ತಿ ಸತ್ತ ಕೂಡಲೇ ದೋಂಗ್ ಶಿಯೆನ್‌ನ ಅಧಿಕಾರ ಕಿತ್ತುಕೊಂಡರು, ಅವನೂ ಅವನ ಹೆಂಡತಿಯೂ ಆತ್ಮಹತ್ಯೆ ಮಾಡಿಕೊಂಡರು. ಆದರೆ ಬಾನ್ ಗು ಬರೆದಿಟ್ಟ, ತಲೆಮಾರುಗಳು ನಕಲು ಮಾಡಿಟ್ಟವು. ಅದರಿಂದಲೇ ನಮಗೆ ಗೊತ್ತು.

ನಾನು ಹೇಳಬೇಕು ಅಂದುಕೊಂಡದ್ದು ಇಷ್ಟೇ. ಸಾಫ್ಟ್‌ವೇರ್ ಕೆಲಸದಲ್ಲಿ ನಮಗೆ ಮೊದಲು ಕಲಿಸೋ ಪಾಠ ಒಂದಿದೆ: ಒಂದೇ ಕಡೆ ಇರೋ ಡೇಟಾ, ಇಲ್ಲದ ಡೇಟಾ. ಇತಿಹಾಸಕ್ಕೂ ಇದೇ ಪಾಠ ಅನ್ನಿಸುತ್ತೆ. ಚಕ್ರವರ್ತಿಯ ಪ್ರೀತಿಯನ್ನು ಬರೆದಿಡೋಕೆ ಆಸ್ಥಾನದ ಇತಿಹಾಸಕಾರ ಇದ್ದ. 1988ರ ಬೀಜಿಂಗಿನ ಒಬ್ಬ ಬಡ ವಿದ್ಯಾರ್ಥಿಯಂಥವರ ಪ್ರೀತಿಗೆ ಯಾರಿದ್ದರು? ಪೊಲೀಸ್ ಫೈಲಿತ್ತು, ಆಸ್ಪತ್ರೆಯ ಫೈಲಿತ್ತು. ಅವೆರಡನ್ನೂ ಬಿಟ್ಟು ಮೂರನೆಯದೊಂದು ದಾಖಲೆ ಮಾಡಿದ್ದು ಹೆಸರು ಹೇಳದ ಒಬ್ಬ ಬರಹಗಾರ. ಕಥೆ ಕಲ್ಪನೆಯೇ ಇರಬಹುದು, ಆದರೆ ಅದರೊಳಗಿನ ಭಯವೂ ಪ್ರೀತಿಯೂ ಆ ಕಾಲದ್ದೇ. ಆ ಕಾದಂಬರಿ 2002ರಲ್ಲಿ ತೈವಾನಿನಲ್ಲಿ ಪುಸ್ತಕವಾಯಿತು, 2016ರಲ್ಲಿ ನ್ಯೂಯಾರ್ಕಿನಲ್ಲಿ ಇಂಗ್ಲಿಷಿಗೂ ಬಂತು.

ಇದು ಬರೀ ಹಳೇ ಕಥೆಯಲ್ಲ. 2016ರಲ್ಲಿ ಇಬ್ಬರು ಹುಡುಗರ ಪ್ರೀತಿಯ ಒಂದು ವೆಬ್ ಸರಣಿಯನ್ನು ಚೀನಾದಲ್ಲಿ ಮಧ್ಯದಲ್ಲೇ ಕಿತ್ತುಹಾಕಿದರು. 2018ರ ಏಪ್ರಿಲ್‌ನಲ್ಲಿ ವೈಬೋ ಜಾಲತಾಣ ಇಂಥ ಬರಹ, ಚಿತ್ರಗಳನ್ನೆಲ್ಲ ಗುಡಿಸ್ತೀವಿ ಅಂತ ಘೋಷಿಸಿತು. ಲಕ್ಷಾಂತರ ಜನ ಗಲಾಟೆ ಮಾಡಿದ ಮೇಲೆ ಹಿಂದೆ ಸರಿಯಿತು. ಅದೇ ವರ್ಷ ಗಂಡಸರ ಪ್ರೇಮ-ಕಾಮದ ಕಾದಂಬರಿ ಬರೆದು ಮಾರಿದ್ದಕ್ಕೆ ಒಬ್ಬ ಲೇಖಕಿಗೆ ಹತ್ತೂವರೆ ವರ್ಷ ಜೈಲು ಶಿಕ್ಷೆಯಾಯಿತು. 2021ರಲ್ಲಿ ವೀಚಾಟ್‌ನಲ್ಲಿದ್ದ ವಿಶ್ವವಿದ್ಯಾಲಯಗಳ ವಿದ್ಯಾರ್ಥಿ ಗುಂಪುಗಳ ಖಾತೆಗಳು ಒಂದೇ ರಾತ್ರಿಯಲ್ಲಿ ಅಳಿಸಿಹೋದವು. 2023ರಲ್ಲಿ ಬೀಜಿಂಗಿನ ಎಲ್‌ಜಿಬಿಟಿ ಕೇಂದ್ರ ಬಾಗಿಲು ಹಾಕಿತು. ಅಪರಾಧದ ಪಟ್ಟಿಯಿಂದ ಹೋಯಿತು, ರೋಗದ ಪಟ್ಟಿಯಿಂದ ಹೋಯಿತು, ಈಗ ಕಣ್ಣಿಗೇ ಬೀಳದ ಹಾಗೆ ಮಾಡೋ ಕೆಲಸ ನಡೆದಿದೆ.

ಅದಕ್ಕೇ ಬೇ ತೋಂಗ್ ಯಾರು ಅಂತ ಹುಡುಕೋ ಆಸೆ ನನಗಿಲ್ಲ. ಹೆಸರು ಮುಚ್ಚಿಟ್ಟಿದ್ದರಿಂದಲೇ ಆ ಕಥೆ ಬರೆಯೋಕೆ ಆಯಿತು. ಎಷ್ಟೋ ಜನ ಓದಿ, ಇನ್ನೊಬ್ಬರಿಗೆ ಕಳಿಸಿದ್ದರಿಂದ ಅದು ಉಳಿಯಿತು. ಬರೆಯೋದು ಅರ್ಧ ಕೆಲಸವಾದರೆ, ಓದಿ ದಾಟಿಸೋದು ಇನ್ನರ್ಧ.

ಸಿನಿಮಾ ಸಿಕ್ಕರೆ ನೋಡಿ. ನೋಡಿದ್ದರೆ ಏನನ್ನಿಸಿತು ಅಂತ ಎರಡು ಸಾಲು ಬರೆಯಿರಿ. ಹೆಸರು ಹಾಕಲೇಬೇಕು ಅಂತೇನಿಲ್ಲ :)