ನಾಲೆ ಬಂದ ಊರು, ನಾಲೆ ಬಾರದ ಊರು

ಮಂಡ್ಯದ ಬೆಲ್ಲ ಎಂದರೆ ಸಾಗರದಾಚೆ ನೆಲೆಸಿದ ನಮಗೂ ಬಾಯಲ್ಲಿ ನೀರೂರುತ್ತದೆ. ಆ ಸಿಹಿ ಯಾರ ಮನೆಗೆ ಎಷ್ಟು ಸೇರಿತೆಂದು ಲೆಕ್ಕವಿಟ್ಟು ನೋಡಿದವರು ಮಾತ್ರ ವಿರಳ. ಅಂಥವರಲ್ಲಿ ಸ್ಕಾರ್ಲೆಟ್ ಎಪ್‌ಸ್ಟೀನ್ ಒಬ್ಬರು. ವಿಯೆನ್ನಾದಲ್ಲಿ ಹುಟ್ಟಿ, ಹಿಟ್ಲರನ ಕಾಲದಲ್ಲಿ ನಿರಾಶ್ರಿತೆಯಾಗಿ ಇಂಗ್ಲೆಂಡ್ ಸೇರಿದ ಈ ವಿದುಷಿ 1954ರಲ್ಲಿ ಮಂಡ್ಯ ಜಿಲ್ಲೆಗೆ ಬಂದು, ಎರಡು ಹಳ್ಳಿಗಳ ಮನೆಮನೆಯ ಆದಾಯ, ಖರ್ಚುಗಳನ್ನು ಬರೆದುಕೊಂಡರು. ಆ ಹಳ್ಳಿಗಳಿಗೆ ಅವರಿಟ್ಟ ಮರೆಹೆಸರು ವಂಗಲ ಮತ್ತು ದಲೇನ.

ಕನ್ನಂಬಾಡಿ ಕಟ್ಟೆಯ ಕೆಲಸ ಆರಂಭವಾದದ್ದು 1911ರಲ್ಲಿ. ಮಂಡ್ಯದ ಸಕ್ಕರೆ ಕಂಪೆನಿ ಸ್ಥಾಪನೆಯಾದದ್ದು 1933ರಲ್ಲಿ. 1930ರ ದಶಕದ ಕೊನೆಗೆ ವಂಗಲಕ್ಕೆ ನಾಲೆಯ ನೀರು ಬಂತು. ದಲೇನ ಎತ್ತರದಲ್ಲಿತ್ತು, ನೀರು ಹತ್ತಲಿಲ್ಲ.

ವಂಗಲದ ಒಕ್ಕಲಿಗರ ಕೈಗೆ ಕಬ್ಬಿನ ದುಡ್ಡು ಬಂದಾಗ ಅದು ಗದ್ದೆಗೆ ಮಾತ್ರವಲ್ಲ, ಹೊಸ ಮನೆಗೆ, ಮದುವೆಗೆ, ಹಬ್ಬಕ್ಕೂ ಹೋಯಿತು. ದುಂದೆಂದು ಹಂಗಿಸುವುದು ಸುಲಭ. (ಇಲ್ಲಿನ ನಮ್ಮ ಮದುವೆಗಳೇನು ಕಡಿಮೆಯೆ?) ಊರಿನಲ್ಲಿ ಮಾನವನ್ನು ಅಳೆಯುತ್ತಿದ್ದುದೇ ಇಂಥ ಖರ್ಚಿನಿಂದ.

ಎಪ್‌ಸ್ಟೀನ್ ಕಂಡ ಇನ್ನೊಂದು ಸಂಗತಿ ನನಗೆ ಹೆಚ್ಚು ಮುಖ್ಯವೆನಿಸುತ್ತದೆ. ಒಕ್ಕಲಿಗರ ಮನೆಗೂ ಆದಿ ಕರ್ನಾಟಕರ ಮನೆಗೂ ತಲೆತಲಾಂತರದ ಆಳು-ಒಡೆಯ ಸಂಬಂಧವಿತ್ತು. ಸುಗ್ಗಿಯಲ್ಲಿ ಆಳಿಗೆ ಇಷ್ಟು ಧಾನ್ಯ, ಇಷ್ಟು ಹುಲ್ಲು ಎಂದು ಗೊತ್ತುಮಾಡಿದ ಪಾಲು. ಮಳೆ ಕೈಕೊಟ್ಟ ವರ್ಷ ಒಡೆಯನಿಗೂ ಆಳಿಗೂ ಹೆಚ್ಚು ಕಡಿಮೆ ಒಂದೇ ಅಳತೆ. ಇಬ್ಬರೂ ಹೇಗೋ ಬದುಕುತ್ತಿದ್ದರು. ಬೆಳೆ ಚೆನ್ನಾದರೆ ಆಳಿನ ಪಾಲು ಅಷ್ಟೇ, ಮಿಕ್ಕದ್ದೆಲ್ಲ ಒಡೆಯನದು. ಬರಗಾಲಕ್ಕೆ ಆಸರೆಯಾಗಿದ್ದ ಕಟ್ಟಳೆ ಇದು. ನಾಲೆ ಬಂದ ಮೇಲೆ ಒಳ್ಳೆಯ ಬೆಳೆಯೇ ರೂಢಿಯಾಯಿತು; ಅದೇ ಕಟ್ಟಳೆ ಅಂತರವನ್ನು ಹಿಗ್ಗಿಸಿತು.

ದಲೇನದವರು ಸುಮ್ಮನೆ ಕೂರಲಿಲ್ಲ. ಕೆಲವರು ಮಂಡ್ಯದಲ್ಲಿ ನೌಕರಿ ಹಿಡಿದರು, ಕೆಲವರು ಗಾಡಿಯಲ್ಲಿ ಕಬ್ಬು ಸಾಗಿಸಿದರು, ಅನುಕೂಲವಿದ್ದವರು ಪಕ್ಕದೂರುಗಳಲ್ಲಿ ಗದ್ದೆ ಕೊಂಡರು. ಒಣ ಊರಿನಲ್ಲೇ ಹಳೆಯ ಆಳು-ಒಡೆಯ ಕಟ್ಟು ಮೊದಲು ಸಡಿಲವಾಯಿತು. ನೀರು ಬಂದ ವಂಗಲದಲ್ಲಿ ಅದು ಗಟ್ಟಿಯಾಗಿಯೇ ಉಳಿಯಿತು.

1970ರಲ್ಲಿ ಎಪ್‌ಸ್ಟೀನ್ ಮತ್ತೆ ಬಂದರು. ಉಳ್ಳವರು ಇನ್ನಷ್ಟು ಬೆಳೆದಿದ್ದರು, ಬಡವರು ಹಿಂದೆ ಬಿದ್ದಿದ್ದರು ಎಂದು 1973ರ ಪುಸ್ತಕದಲ್ಲಿ ಬರೆದರು. ಮರುವರ್ಷ ದೇವರಾಜ ಅರಸರ ಭೂಸುಧಾರಣಾ ತಿದ್ದುಪಡಿ ಜಾರಿಗೆ ಬಂದು, ರಾಜ್ಯದ ಎಷ್ಟೋ ಗೇಣಿದಾರರು ಉಳುತ್ತಿದ್ದ ಹೊಲಕ್ಕೆ ಒಡೆಯರಾದರು. ಸುಗ್ಗಿಯ ಪಾಲಿಗೆ ದುಡಿಯುತ್ತಿದ್ದ ಆಳು ಗೇಣಿದಾರನಾಗಿರಲಿಲ್ಲ.