ಪಿತ್ರಾರ್ಜಿತವೂ ಪಿತೃಸೇವೆಯೂ

ಮುಪ್ಪಿನ ತಂದೆತಾಯಿಗಳನ್ನು ವೃದ್ಧಾಶ್ರಮದಲ್ಲಿ ಇರಿಸಬೇಕಾಗಿ ಬಂದಾಗ ಮನೆಯಲ್ಲಿ ಎರಡು ಮಾತುಗಳು ಏಳುತ್ತವೆ. ಅವರ ಆರೈಕೆಯ ವೆಚ್ಚಕ್ಕೆ ದಾರಿ ಯಾವುದು ಎಂಬುದು ಮೊದಲನೆಯದು. ಆ ವೆಚ್ಚದಲ್ಲಿ ಮನೆ ಹೊಲಗಳು ಕರಗಿಹೋದರೆ ಮಕ್ಕಳ ಗತಿಯೇನು ಎಂಬುದು ಎರಡನೆಯದು. ಮೊದಲನೆಯದನ್ನು ಎಲ್ಲರೆದುರಿಗೆ ಆಡುತ್ತಾರೆ. ಎರಡನೆಯದನ್ನು ಒಳಮನೆಯಲ್ಲಿ ಮೆಲ್ಲಗೆ ಆಡುತ್ತಾರೆ. ವೃದ್ಧಾಶ್ರಮವು ನಮಗೆ ಹೊಸದಿರಬಹುದು. ಆದರೆ ಈ ಎರಡನೆಯ ಪ್ರಶ್ನೆ ಹೊಸದಲ್ಲ. ಒಂಬೈನೂರು ವರ್ಷಗಳ ಹಿಂದೆಯೇ ಕನ್ನಡ ನಾಡಿನಲ್ಲಿ ಕುಳಿತು ಇದನ್ನು ಕೂಲಂಕಷವಾಗಿ ವಿಚಾರಿಸಿದವರು ಉಂಟು.

ಚಾಲುಕ್ಯ ಆರನೆಯ ವಿಕ್ರಮಾದಿತ್ಯನು 1076ರಿಂದ 1126ರವರೆಗೆ ಕಲ್ಯಾಣದಿಂದ ರಾಜ್ಯಭಾರ ಮಾಡಿದನಷ್ಟೆ. ಇಂದಿನ ಬೀದರ ಜಿಲ್ಲೆಯ ಬಸವಕಲ್ಯಾಣವೇ ಆ ಕಲ್ಯಾಣ. ಅವನ ಆಶ್ರಯದಲ್ಲಿದ್ದ ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ‘ಮಿತಾಕ್ಷರಾ’ ಎಂಬ ವ್ಯಾಖ್ಯಾನವನ್ನು ಬರೆದನು. ಪಿತ್ರಾರ್ಜಿತ ಸ್ವತ್ತಿನಲ್ಲಿ ಮಗನಿಗೆ ಹುಟ್ಟಿನಿಂದಲೇ ಹಕ್ಕು ಬರುತ್ತದೆ ಎಂಬುದು ಅವನ ಸಿದ್ಧಾಂತ. ಬಂಗಾಳದ ಜೀಮೂತವಾಹನನಾದರೋ ತಂದೆಯ ಕಾಲಾನಂತರವೇ ಮಗನ ಹಕ್ಕು ಎಂದನು. ಹೀಗೆ ವಿಜ್ಞಾನೇಶ್ವರನ ಮತದಲ್ಲಿ ಹಿರಿಯರ ಭೂಮಿಯನ್ನು ಒಬ್ಬನೇ ಮಾರುವಂತಿಲ್ಲ. ಅದು ಇನ್ನೂ ಹುಟ್ಟದವರಿಗೂ ಸಲ್ಲತಕ್ಕದ್ದು.

ಈ ಕಟ್ಟಿಗೆ ಅವನು ಮೂರು ವಿನಾಯಿತಿಗಳನ್ನು ಹೇಳಿದ್ದಾನೆಂಬುದನ್ನು ವಾಚಕರು ಗಮನಿಸಬೇಕು. ಒಪ್ಪಿಗೆ ಕೊಡಲಾರದ ಎಳೆಯರು ಮನೆಯಲ್ಲಿದ್ದಾಗ, ಕುಟುಂಬಕ್ಕೆ ಆಪತ್ತು ಒದಗಿದರೆ, ಕುಟುಂಬದ ಪೋಷಣೆಗೆ ಬೇಕಾದರೆ, ಇಲ್ಲವೆ ಬಿಡಲಾಗದ ಧರ್ಮಕಾರ್ಯವಿದ್ದರೆ, ಸಮರ್ಥನಾದ ಒಬ್ಬನೇ ಸ್ಥಿರಾಸ್ತಿಯನ್ನು ಮಾರಬಹುದು, ಅಡವಿಡಬಹುದು. ಧರ್ಮಕಾರ್ಯಕ್ಕೆ ಅವನು ಕೊಡುವ ನಿದರ್ಶನವೇ ತಂದೆಯ ಶ್ರಾದ್ಧ. ಸತ್ತ ತಂದೆಯ ಶ್ರಾದ್ಧಕ್ಕಾಗಿ ಹೊಲ ಮಾರಬಹುದಾದರೆ, ಬದುಕಿರುವ ತಂದೆಯ ಔಷಧಕ್ಕಾಗಿ ಮಾರಬಾರದೆ? ಕುಟುಂಬದ ಪೋಷಣೆ ಎಂಬ ಮಾತಿನಲ್ಲಿ ಮುದಿ ತಂದೆತಾಯಿಗಳೂ ಸೇರಿದ್ದಾರೆಂಬುದರಲ್ಲಿ ಸಂದೇಹವಿಲ್ಲ. ತಂದೆಯ ನಂತರ ಮಕ್ಕಳು ಭಾಗವಾದಾಗ ತಾಯಿಗೂ ಸಮಭಾಗ ಸಲ್ಲಬೇಕೆಂಬುದು ಯಾಜ್ಞವಲ್ಕ್ಯನ ವಿಧಿ.

1810ರಲ್ಲಿ ಕೋಲ್‌ಬ್ರೂಕ್ ಎಂಬ ವಿದ್ವಾಂಸನು ಮಿತಾಕ್ಷರೆಯ ದಾಯಭಾಗದ ಪ್ರಕರಣವನ್ನು ಇಂಗ್ಲಿಷಿಗೆ ತಂದ ಮೇಲೆ ಆಂಗ್ಲ ನ್ಯಾಯಾಲಯಗಳು ಅದನ್ನು ಆಧಾರವಾಗಿ ಇಟ್ಟುಕೊಂಡವು. ಅವಶ್ಯಕತೆ ನಿಜವಾಗಿ ಇತ್ತೇ ಎಂದು ಪ್ರಾಮಾಣಿಕವಾಗಿ ವಿಚಾರಿಸಿ ವ್ಯವಹಾರ ಮಾಡಿದವನಿಗೆ ರಕ್ಷಣೆಯುಂಟೆಂದು 1856ರಲ್ಲಿ ಪ್ರಿವಿ ಕೌನ್ಸಿಲ್ ತೀರ್ಪಿತ್ತಿತು. ‘ಕಾನೂನುಸಮ್ಮತ ಅವಶ್ಯಕತೆ’ ಎಂದು ವಕೀಲರು ಹೇಳುವ ಮಾತಿನ ಬೇರು ಕಲ್ಯಾಣದಲ್ಲಿದೆ.

ಸ್ವತಂತ್ರ ಭಾರತದ ಶಾಸನಗಳೂ ಈ ಜಾಡನ್ನು ಬಿಟ್ಟಿಲ್ಲ. 1956ರ ಹಿಂದೂ ದತ್ತಕ ಮತ್ತು ಜೀವನಾಂಶ ಕಾಯಿದೆಯು ವೃದ್ಧ ತಂದೆತಾಯಿಗಳ ಪೋಷಣೆಯನ್ನು ಮಗನಂತೆ ಮಗಳಿಗೂ ವಿಧಿಸಿತು. ಆದರೆ ಅವರ ಸ್ವಂತ ಗಳಿಕೆಯೂ ಆಸ್ತಿಯೂ ಸಾಲದೆ ಹೋದಾಗ ಮಾತ್ರ. ಅಂದರೆ ಹಿರಿಯರ ಸ್ವತ್ತು ಮೊದಲು ಹಿರಿಯರಿಗೇ ಒದಗಬೇಕು, ಮಿಕ್ಕದ್ದು ದಾಯ. 2005ರ ತಿದ್ದುಪಡಿಯಿಂದ ಮಗಳಿಗೂ ಹುಟ್ಟಿನ ಹಕ್ಕು ದೊರೆಯಿತು.

2007ರಲ್ಲಿ ತಂದೆತಾಯಿಗಳ ಮತ್ತು ಹಿರಿಯ ನಾಗರಿಕರ ಪೋಷಣೆಯ ಕಾಯಿದೆ ಬಂದಿತು. ಪ್ರತಿ ಜಿಲ್ಲೆಯಲ್ಲಿ ಕನಿಷ್ಠ 150 ಮಂದಿ ಬಡ ವೃದ್ಧರಿಗೆ ಸ್ಥಳವಿರುವ ಒಂದು ವೃದ್ಧಾಶ್ರಮ ಇರಬೇಕೆಂಬ ಉದ್ದೇಶವನ್ನು ಅದು ಹೇಳಿತು. ಜೀವನಾಂಶದ ಮಿತಿಯನ್ನು ತಿಂಗಳಿಗೆ 10,000 ರೂಪಾಯಿ ಎಂದು ಗೊತ್ತುಮಾಡಿತು. ಮಕ್ಕಳಿಲ್ಲದವರ ವಿಷಯದಲ್ಲಿ, ಆಸ್ತಿಗೆ ಬಾಧ್ಯರಾಗುವ ಬಂಧುಗಳು ತಮಗೆ ಬರುವ ಪಾಲಿಗೆ ಅನುಗುಣವಾಗಿ ಪೋಷಣೆಯ ಹೊರೆಯನ್ನೂ ಹೊರಬೇಕೆಂದಿತು.

ಆ ಕಾಯಿದೆಯ 23ನೆಯ ಕಲಮು ಬಹು ಮುಖ್ಯವಾದುದು. ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆ ಮನೆಯನ್ನು ದಾನಪತ್ರ ಮಾಡಿಸಿಕೊಂಡು ಆಮೇಲೆ ಕೈಬಿಟ್ಟರೆ, ಆ ಪತ್ರವನ್ನು ನ್ಯಾಯಮಂಡಳಿಯು ರದ್ದುಪಡಿಸಬಹುದು. ಕರ್ನಾಟಕದಲ್ಲಿ ಉಪವಿಭಾಗಾಧಿಕಾರಿಗಳ ಮುಂದೆ ಇಂಥ ಅರ್ಜಿ ಸಲ್ಲುತ್ತದೆ. ಷರತ್ತು ಇತ್ತೆಂಬುದು ಸಿದ್ಧವಾಗಬೇಕೆಂದು 2022ರಲ್ಲಿ ಸರ್ವೋಚ್ಚ ನ್ಯಾಯಾಲಯ ಹೇಳಿತು. ಕಾಯಿದೆಯನ್ನು ವೃದ್ಧರಿಗೆ ಅನುಕೂಲವಾಗುವಂತೆ ಉದಾರವಾಗಿ ಅರ್ಥೈಸಬೇಕೆಂದು 2025ರಲ್ಲಿ ಹೇಳಿತು.

ಇಷ್ಟರಿಂದ ವಾಚಕರಿಗೆ ದಾರಿ ಕಾಣದಿರದು. ಹಿರಿಯರು ದಾನಪತ್ರಕ್ಕೆ ಆತುರಪಡಬಾರದು. 1882ರ ಸ್ವತ್ತು ವರ್ಗಾವಣೆ ಕಾಯಿದೆಯಂತೆ ಪೂರ್ಣಗೊಂಡ ದಾನವನ್ನು ಮನಸ್ಸು ಬದಲಾಯಿತೆಂದು ಹಿಂತೆಗೆಯಲಾಗದು. ಉಯಿಲಾದರೆ ಬುದ್ಧಿ ಸ್ವಾಧೀನದಲ್ಲಿರುವವರೆಗೆ ಬದಲಾಯಿಸಬಹುದು. ಇಬ್ಬರು ಸಾಕ್ಷಿಗಳ ರುಜು ಇದ್ದರಾಯಿತು. ದಾನವನ್ನೇ ಮಾಡುವುದಾದರೆ ಪೋಷಣೆಯ ಷರತ್ತನ್ನು ಪತ್ರದಲ್ಲಿಯೇ ಸ್ಪಷ್ಟವಾಗಿ ಬರೆಯಿಸಬೇಕು. ವೃದ್ಧಾಶ್ರಮದ ವೆಚ್ಚವನ್ನು ಯಾರು ಎಷ್ಟು ಕೊಟ್ಟರೆಂಬ ಲೆಕ್ಕವನ್ನು ಅಣ್ಣತಮ್ಮಂದಿರೂ ಅಕ್ಕತಂಗಿಯರೂ ಒಂದೇ ಪುಸ್ತಕದಲ್ಲಿ ಬರೆದಿಡಲಿ. ಮನೆಯನ್ನು ಮಾರುವ ಬದಲು ಬಾಡಿಗೆಗೆ ಕೊಟ್ಟು ಆ ವೆಚ್ಚ ನಡೆಯುವುದಾದರೆ ಮೊದಲು ಅದನ್ನು ನೋಡಲಿ. ಅದೂ ಸಾಲದೆ ಮಾರಲೇಬೇಕಾಗಿ ಬಂದರೆ, ಪಾಲು ಹೋಯಿತೆಂದು ಯಾರೂ ಮುಖ ಸಣ್ಣದು ಮಾಡಬೇಕಾದುದಿಲ್ಲ. ಮಕ್ಕಳ ಹುಟ್ಟುಹಕ್ಕನ್ನು ಅಷ್ಟು ಬಲವಾಗಿ ಎತ್ತಿಹಿಡಿದ ವಿಜ್ಞಾನೇಶ್ವರನೇ ಆ ಮಾರಾಟಕ್ಕೆ ಒಪ್ಪಿಗೆ ಕೊಟ್ಟು ಹೋಗಿದ್ದಾನೆ.