ಚಿತ್ರ–ಧ್ವನಿ ಹೊಂದಾಣಿಕೆ

ತುಟಿಯ ಚಲನೆಯೂ ಹೊರಡುವ ಮಾತೂ, ಮೃದಂಗದ ಮೇಲೆ ಬೀಳುವ ಕೈಯೂ ಅಲ್ಲಿ ಹುಟ್ಟುವ ನಾದವೂ ಪ್ರೇಕ್ಷಕನನ್ನು ಏಕಕಾಲದಲ್ಲಿ ತಲಪುವಂತೆ ಚಿತ್ರವನ್ನೂ ಧ್ವನಿಯನ್ನೂ ಕೂಡಿಸುವ ಸಂಕಲನಕಾರ್ಯ. ಸಂಕಲನಕಾರರು ಇದನ್ನು ಸಿಂಕ್ ಎನ್ನುವರು. ನಿಸರ್ಗದಲ್ಲಿ ಬೆಳಕು ಮುಂದಾಗಿ ಬಂದು ಶಬ್ದ ಅದನ್ನು ಹಿಂಬಾಲಿಸುವುದೇ ನಿಯಮವಾದುದರಿಂದ, ತಡವಾದ ಧ್ವನಿಯನ್ನು ಮನಸ್ಸು ತುಸು ಸಹಿಸೀತು. ಮುಂಚಿತವಾಗಿ ಬಂದುದನ್ನು ಸಹಿಸದು. ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ 1998ರ ಶಿಫಾರಸಿನಂತೆ, ಧ್ವನಿ ಸುಮಾರು 45 ಮಿಲಿಸೆಕೆಂಡು ಮುಂದಾದರೆ ಇಲ್ಲವೆ 125 ಮಿಲಿಸೆಕೆಂಡು ಹಿಂದಾದರೆ ವ್ಯತ್ಯಾಸ ಅರಿವಿಗೆ ಬರುತ್ತದೆ.

ಪೂರ್ವೇತಿಹಾಸ: 1907ರಲ್ಲಿ ಷಿಕಾಗೋ ನಗರದಲ್ಲಿ ಸ್ಥಾಪಿತವಾದ ಬೆಲ್ ಅಂಡ್ ಹೋವೆಲ್ ಸಂಸ್ಥೆಯ ಫಿಲ್ಮೋಸೌಂಡ್ ಪ್ರಕ್ಷೇಪಕಗಳು ಶಾಲೆ, ಸಭಾಭವನಗಳಿಗೆ 16 ಮಿಲಿಮೀಟರ್ ವಾಕ್ಚಿತ್ರವನ್ನು ಒಯ್ದುವು. ಚಿತ್ರವು ಗವಾಕ್ಷದ ಮುಂದೆ ನಿಂತು ನಿಂತು ಸಾಗಬೇಕಾಗಿಯೂ ಧ್ವನಿಪಥವು ಅವಿಚ್ಛಿನ್ನವಾಗಿ ಹರಿಯಬೇಕಾಗಿಯೂ ಇದ್ದುದರಿಂದ, ಆ 16 ಮಿಲಿಮೀಟರ್ ಸುರುಳಿಯಲ್ಲಿ ಧ್ವನಿಯನ್ನು ಚಿತ್ರಕ್ಕಿಂತ 26 ಫ್ರೇಮುಗಳಷ್ಟು ಮುಂದೆ ಮುದ್ರಿಸುತ್ತಿದ್ದರು. ಎರಡರ ನಡುವೆ ಫಿಲ್ಮಿನ ಬಳುಕು ಹೆಚ್ಚುಕಡಿಮೆಯಾದರೆ ಮಾತು ತುಟಿಯನ್ನು ತಪ್ಪುತ್ತಿದ್ದಿತು.

ದೋಷನಿರ್ಣಯ, ಪರಿಹಾರ: ಗಣಕದ ಸಂಕಲನದಲ್ಲಿ ಮೊದಲು ತುಣುಕಿನ ಆದಿಯನ್ನೂ ಅಂತ್ಯವನ್ನೂ ಪರೀಕ್ಷಿಸಬೇಕು. ಅಂತರ ಎರಡೆಡೆಯೂ ಸಮನಾಗಿದ್ದರೆ, ಚಿತ್ರ ಮತ್ತು ಧ್ವನಿಯ ಜೋಡಣೆಯನ್ನು ಬಿಡಿಸಿ, ಧ್ವನಿತರಂಗದ ಶಿಖರ, ಚಿತ್ರೀಕರಣದಲ್ಲಿ ಗುರುತಿಗಾಗಿ ತಟ್ಟಿದ ಚಪ್ಪಾಳೆಯ ಕೈಗಳು ಕೂಡುವ ಫ್ರೇಮಿಗೆ ಸೇರುವಂತೆ ಟೈಮ್‌ಲೈನಿನಲ್ಲಿ ಸರಿಸಿದರೆ ಸಾಕು. ಅಂತರ ಬೆಳೆಯುತ್ತ ಹೋದರೆ ಸರಿಸುವುದು ವ್ಯರ್ಥ, ದೋಷವಿರುವುದು ವೇಗದಲ್ಲಿ. ಸೆಕೆಂಡಿಗೆ 30 ಫ್ರೇಮಿನ ಚಿತ್ರವನ್ನು 29.97ರಂತೆ ಓಡಿಸಿ ಧ್ವನಿಯನ್ನು ಹಾಗೆಯೇ ಬಿಟ್ಟರೆ ಗಂಟೆಗೆ 3.6 ಸೆಕೆಂಡು ವ್ಯತ್ಯಾಸವಾಗುತ್ತದೆ. ಮೊಬೈಲಿನ ಚಿತ್ರೀಕರಣದಲ್ಲಿ ಫ್ರೇಮುಗಳ ವೇಗವೇ ಏರಿಳಿಯುವುದುಂಟು. ಅದನ್ನು ಸ್ಥಿರವೇಗಕ್ಕೆ ಪರಿವರ್ತಿಸಿದ ಬಳಿಕವೇ ಸಂಕಲನಕ್ಕೆ ತೊಡಗುವುದು ಲೇಸು.

ಕನ್ನಡ ಕೂಟಗಳಲ್ಲಿ: ಷಿಕಾಗೋದ ವಿದ್ಯಾರಣ್ಯ ಕನ್ನಡ ಕೂಟ, ಡೆಟ್ರಾಯಿಟಿನ ಪಂಪ ಕನ್ನಡ ಕೂಟ ಮೊದಲಾದವುಗಳ ನಾಟಕ, ಸಂಗೀತಸಭೆಗಳನ್ನು ಚಿತ್ರೀಕರಿಸುವವರು ಎರಡು ಸಂಗತಿಗಳನ್ನು ಗಮನಿಸಬೇಕು. ಶಬ್ದದ ವೇಗ ಸೆಕೆಂಡಿಗೆ ಸುಮಾರು 343 ಮೀಟರಾದುದರಿಂದ, ರಂಗದಿಂದ 34 ಮೀಟರ್ ದೂರದ ಕ್ಯಾಮೆರಾದ ಮೈಕಿಗೆ ಮಾತು ಸೆಕೆಂಡಿನ ಹತ್ತನೆಯ ಒಂದಂಶ ತಡವಾಗಿ ಮುಟ್ಟುತ್ತದೆ. ಭಾರತದಿಂದ ಬಂದ 25 ಫ್ರೇಮಿನ ಚಿತ್ರವನ್ನು ಅಮೆರಿಕದ 29.97ರದೆಂದೇ ಭಾವಿಸಿ ಸೇರಿಸಿದರೆ, ಚಿತ್ರವು ಐದನೆಯ ಒಂದು ಪಾಲಿನಷ್ಟು ತ್ವರೆಯಿಂದ ಓಡಿ ಧ್ವನಿಯನ್ನು ಹಿಂದಿಕ್ಕುತ್ತದೆ. ನಮ್ಮ ಹಿರಿಯರ ದನಿಯನ್ನೂ ಮಕ್ಕಳ ಕಲೆಯನ್ನೂ ಮುಂದಿನವರಿಗೆ ಉಳಿಸುವ ದಾಖಲೆಗಳಿವು. ಆದುದರಿಂದ ಪ್ರತಿಯೊಂದು ಚಿತ್ರೀಕರಣದ ಮೊದಲಿಗೂ ಕೊನೆಗೂ ಎಲ್ಲ ಕ್ಯಾಮೆರಾಗಳಿಗೆ ಕಾಣುವಂತೆ ಒಂದೊಂದು ಚಪ್ಪಾಳೆ ತಟ್ಟಿ, ಮೂಲ ಪ್ರತಿಗಳನ್ನು ಅಳಿಸದೆ ಕಾಪಾಡಬೇಕು.